ನಿಮ್ಮೂರಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಸ್ವಾಗತ: ತುಬಚಿ ಮತ್ತು ಸುತ್ತಲಿನ ಗ್ರಾಮಗಳ ಪಾಲಕರಿಗೆ ಮಾಹಿತಿ

ಪೀಠಿಕೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲ್ಲೂಕಿನ ತುಬಚಿ ಗ್ರಾಮದ ಹೆಸರನ್ನು ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯ ಮೂಲಕ ರಾಜ್ಯದ ಬಹಳಷ್ಟು ಜನ ಕೇಳಿರುತ್ತಾರೆ. ಕೃಷ್ಣೆಯ ನೀರನ್ನು ನೆಚ್ಚಿಕೊಂಡ ಈ ಭಾಗದಲ್ಲಿ ಕಬ್ಬು ಮುಖ್ಯ ಬೆಳೆಯಾಗಿದ್ದು, ಅನೇಕ ಕುಟುಂಬಗಳು ಊರೊಳಗೆ ಇರದೆ ತಮ್ಮ ಹೊಲಗಳ ತೋಟದ ವಸ್ತಿಗಳಲ್ಲಿ ವಾಸವಾಗಿವೆ. ಕಬ್ಬು ಕಟಾವಿನ ಹಂಗಾಮಿನಲ್ಲಿ ಹೊರ ಜಿಲ್ಲೆಗಳಿಂದಲೂ ನೆರೆಯ ಮಹಾರಾಷ್ಟ್ರದಿಂದಲೂ ಕೂಲಿ ಕುಟುಂಬಗಳು ಇಲ್ಲಿಗೆ ಬರುತ್ತವೆ. ರಬಕವಿ-ಬನಹಟ್ಟಿಯಲ್ಲಿ ನೇಕಾರ ಕುಟುಂಬಗಳು ಮಗ್ಗದ ಕೆಲಸವನ್ನು ಅನುಸರಿಸಿ ಮನೆ ಬದಲಾಯಿಸುತ್ತವೆ. ಬೀಳಗಿ ಭಾಗದಲ್ಲಿ ಆಲಮಟ್ಟಿ ಹಿನ್ನೀರಿನಿಂದ ಊರು ಬಿಟ್ಟವರು ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದ್ದಾರೆ. ಹೀಗೆ ವರ್ಷದ ಯಾವುದೇ ತಿಂಗಳಿನಲ್ಲಿ ಯಾವುದಾದರೊಂದು ಕುಟುಂಬವು ತನಗೆ ಹೊಸದಾದ ಶಾಲೆಯೊಂದರ ಬಾಗಿಲಿಗೆ ಬಂದು ನಿಲ್ಲುವುದು ಈ ಭಾಗದಲ್ಲಿ ಸಾಮಾನ್ಯ ಸಂಗತಿಯಾಗಿದೆ.

ಶಾಲೆ ಎಲ್ಲಿದೆ ಎಂಬುದು ಪಾಲಕರಿಗೆ ಗೊತ್ತಿರುತ್ತದೆ. ಆದರೆ "ನಮ್ಮ ಹತ್ತಿರ ಕಾಗದ ಇಲ್ಲ, ಮಗುವನ್ನು ಸೇರಿಸಿಕೊಳ್ಳುವುದಿಲ್ಲವೇನೋ" ಎಂಬ ಅಂಜಿಕೆಯಿಂದ ಅನೇಕರು ಹಿಂದೆ ಸರಿಯುತ್ತಾರೆ. ಈ ಪುಟದ ಮುಖ್ಯ ಉದ್ದೇಶ ಆ ಅಂಜಿಕೆಯನ್ನು ದೂರ ಮಾಡುವುದು. ಒಂದೇ ಮಾತಿನಲ್ಲಿ ಹೇಳುವುದಾದರೆ: ಮೊದಲು ಮಗುವನ್ನು ಕರೆತನ್ನಿ, ಕಾಗದಪತ್ರಗಳು ನಂತರ ಬರಲಿ. ಇದು ಯಾರೋ ತೋರುವ ಕನಿಕರವಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ ನಿಯಮವಾಗಿದೆ.

1. ನೆರೆಹೊರೆಯ ಶಾಲೆ ಎಂದರೆ ಯಾವುದು?

6ರಿಂದ 14 ವರ್ಷದೊಳಗಿನ ಪ್ರತಿಯೊಂದು ಮಗುವಿಗೆ ತನ್ನ ನೆರೆಹೊರೆಯ ಶಾಲೆಯಲ್ಲಿ 8ನೆಯ ತರಗತಿಯವರೆಗೆ ಉಚಿತವಾಗಿ ಕಲಿಯುವ ಹಕ್ಕು ಇದೆ. 1ರಿಂದ 5ನೆಯ ತರಗತಿಯ ಮಕ್ಕಳಿಗೆ ಮನೆಯಿಂದ 1 ಕಿ.ಮೀ. ಒಳಗೆ ಹಾಗೂ 6ರಿಂದ 8ನೆಯ ತರಗತಿಯ ಮಕ್ಕಳಿಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕೆಂಬುದು ಸಾಮಾನ್ಯ ಮಾನದಂಡವಾಗಿದೆ.

ಈ ಭಾಗಕ್ಕೆ ಹೊಸದಾಗಿ ಬಂದವರಿಗೆ ಶಾಲೆಗಳ ಹೆಸರುಗಳು ಸ್ವಲ್ಪ ಗೊಂದಲ ಉಂಟುಮಾಡಬಹುದು. ಆದ್ದರಿಂದ ಕೆಳಗಿನ ವಿವರಣೆ ನೀಡಲಾಗಿದೆ.

ಅ) ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ: ಸಾಮಾನ್ಯವಾಗಿ 1ರಿಂದ 5ನೆಯ ತರಗತಿಯವರೆಗೆ ಇರುತ್ತದೆ. ತೋಟದ ವಸ್ತಿಗಳಲ್ಲಿರುವ ಅನೇಕ ಶಾಲೆಗಳು ಈ ವರ್ಗಕ್ಕೆ ಸೇರಿದ್ದು, ಆ ತೋಟದ ಹೆಸರಿನಿಂದಲೇ ಅವುಗಳನ್ನು ಕರೆಯುವ ರೂಢಿ ಇದೆ.

ಆ) ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ: 1ರಿಂದ 7 ಅಥವಾ 8ನೆಯ ತರಗತಿಯವರೆಗೆ ಇರುತ್ತದೆ.

ಇ) ಗಂಡು ಮಕ್ಕಳ ಶಾಲೆ, ಹೆಣ್ಣು ಮಕ್ಕಳ ಶಾಲೆ: ಇವು ಹಳೆಯ ಮುಂಬಯಿ ಪ್ರಾಂತದ ಕಾಲದಿಂದ ಈ ಭಾಗದಲ್ಲಿ ಉಳಿದುಬಂದ ಹೆಸರುಗಳು. ಜನರ ಬಾಯಲ್ಲಿ ಕೆ.ಬಿ.ಎಸ್. ಮತ್ತು ಕೆ.ಜಿ.ಎಸ್. ಎಂದು ಪ್ರಚಲಿತವಾಗಿವೆ. ಫಲಕದ ಮೇಲಿನ ಹೆಸರನ್ನು ನೋಡಿ ನೀವೇ ತೀರ್ಮಾನ ಮಾಡಿಕೊಂಡು ದೂರದ ಶಾಲೆಗೆ ಹೋಗಬೇಕಾಗಿಲ್ಲ. ಮೊದಲು ಹತ್ತಿರದ ಶಾಲೆಯ ಮುಖ್ಯ ಶಿಕ್ಷಕರನ್ನು ವಿಚಾರಿಸಿರಿ.

ಈ) ಮರಾಠಿ ಮತ್ತು ಉರ್ದು ಮಾಧ್ಯಮದ ಶಾಲೆಗಳು: ಜಿಲ್ಲೆಯ ಕೆಲವು ಊರುಗಳಲ್ಲಿ ಇವೆ. ಮನೆಮಾತು ಕನ್ನಡವಲ್ಲ ಎಂಬ ಕಾರಣಕ್ಕೆ ಕನ್ನಡ ಶಾಲೆಯು ಮಗುವನ್ನು ನಿರಾಕರಿಸುವಂತಿಲ್ಲ.

2. ಯಾವ ವಯಸ್ಸಿಗೆ ಯಾವ ತರಗತಿ?

ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮವನ್ನು ಸರ್ಕಾರವು 1ನೆಯ ತರಗತಿಯ ಪ್ರವೇಶಕ್ಕಾಗಿ 2022ರಲ್ಲಿ ಹೊರಡಿಸಿತು. ಅದರ ಜಾರಿಯನ್ನು ಮುಂದೂಡಲಾಗಿ, 2025-26ನೆಯ ಸಾಲಿಗೆ 5 ವರ್ಷ 5 ತಿಂಗಳು ತುಂಬಿದ ಮಕ್ಕಳಿಗೆ ಷರತ್ತಿಗೊಳಪಟ್ಟು ಸಡಿಲಿಕೆ ನೀಡಲಾಗಿತ್ತು. ವಯೋಮಿತಿಯ ಅಂಚಿನಲ್ಲಿರುವ ಮಕ್ಕಳ ಪಾಲಕರು ಆಯಾ ಸಾಲಿನ ಸುತ್ತೋಲೆಯನ್ನು ಮುಖ್ಯ ಶಿಕ್ಷಕರಿಂದ ಕೇಳಿ ತಿಳಿದುಕೊಳ್ಳುವುದು. ಅದಕ್ಕಿಂತ ಚಿಕ್ಕ ಮಕ್ಕಳನ್ನು ಅಂಗನವಾಡಿಗೆ ಕಳುಹಿಸಬಹುದು.

ಇದುವರೆಗೆ ಶಾಲೆಗೇ ಹೋಗದ, ಅಥವಾ ನಡುವೆ ಬಿಟ್ಟ ಮಗುವಿಗೆ 9 ವರ್ಷ ಆಗಿದ್ದರೆ 1ನೆಯ ತರಗತಿಯಲ್ಲಿ ಚಿಕ್ಕ ಮಕ್ಕಳ ಜೊತೆ ಕೂರಿಸುವರೇ ಎಂದು ಪಾಲಕರು ಕೇಳುವುದುಂಟು. ಹಾಗೆ ಮಾಡುವುದಿಲ್ಲ. ಅಧಿನಿಯಮದ 4ನೆಯ ಕಲಮಿನ ಪ್ರಕಾರ ಮಗುವನ್ನು ಅದರ ವಯಸ್ಸಿಗೆ ಸರಿಹೊಂದುವ ತರಗತಿಗೆ ಸೇರಿಸಿಕೊಂಡು, ಉಳಿದ ಮಕ್ಕಳ ಸರಿಸಮಕ್ಕೆ ಬರಲು ವಿಶೇಷ ತರಬೇತಿ ನೀಡತಕ್ಕದ್ದು. ತಡವಾಗಿ ಸೇರಿದ ಮಗುವಿಗೆ 14 ವರ್ಷ ತುಂಬಿದ ನಂತರವೂ 8ನೆಯ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ ಮುಂದುವರಿಯುತ್ತದೆ.

ಪ್ರವೇಶಕ್ಕಾಗಿ ಮಗುವಿಗಾಗಲಿ ಪಾಲಕರಿಗಾಗಲಿ ಯಾವುದೇ ಪರೀಕ್ಷೆ ಅಥವಾ ಸಂದರ್ಶನ ನಡೆಸುವಂತಿಲ್ಲ (ಕಲಂ 13). ಪಾಲಕರಿಗೆ ಓದು ಬರಹ ಬಾರದಿದ್ದರೆ ಅರ್ಜಿಯನ್ನು ಶಾಲೆಯಲ್ಲಿಯೇ ತುಂಬಿಸಿಕೊಂಡು, ಓದಿ ಹೇಳಿಸಿ, ಹೆಬ್ಬೆರಳ ಗುರುತು ಹಾಕಬಹುದು.

3. ಯಾವ ದಾಖಲೆಗಳನ್ನು ತರಬೇಕು? ಇಲ್ಲದಿದ್ದರೆ ಏನು ಮಾಡಬೇಕು?

ಲಭ್ಯವಿದ್ದಲ್ಲಿ ಈ ಕೆಳಗಿನವುಗಳನ್ನು ತರುವುದು:

* ಮಗುವಿನ ಜನನ ಪ್ರಮಾಣಪತ್ರ
* ಮಗುವಿನ ಹಾಗೂ ಪಾಲಕರ ಆಧಾರ್ ಪ್ರತಿ
* ಜಾತಿ ಮತ್ತು ಆದಾಯ ಪ್ರಮಾಣಪತ್ರ
* ಪಡಿತರ ಚೀಟಿಯ ಪ್ರತಿ ಮತ್ತು ಮಗುವಿನ ಭಾವಚಿತ್ರ
* ಬೇರೆ ಶಾಲೆಯಲ್ಲಿ ಓದಿದ್ದಲ್ಲಿ ವರ್ಗಾವಣೆ ಪ್ರಮಾಣಪತ್ರ

ಮೇಲಿನ ಪಟ್ಟಿಯನ್ನು ಓದಿ ಯಾರೂ ಹಿಂಜರಿಯಬಾರದು. ಪ್ರತಿಯೊಂದಕ್ಕೂ ಪರ್ಯಾಯ ಉಂಟು.

ಜನನ ಪ್ರಮಾಣಪತ್ರ ಇಲ್ಲದಿದ್ದರೆ: ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ (ಕಲಂ 14). ಆಸ್ಪತ್ರೆಯ ಅಥವಾ ಆರೋಗ್ಯ ಸಹಾಯಕಿಯರ ದಾಖಲೆ, ಅಂಗನವಾಡಿಯ ದಾಖಲೆ, ಇವು ಯಾವುವೂ ಇಲ್ಲದಿದ್ದಲ್ಲಿ ಪಾಲಕರ ಲಿಖಿತ ಘೋಷಣೆಯನ್ನು ಪರಿಗಣಿಸಲಾಗುತ್ತದೆ. ಆದರೆ ಒಂದು ಸೂಚನೆ: ಜನನ-ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯಿಂದಾಗಿ, ಆ ವರ್ಷದ ಅಕ್ಟೋಬರ್ 1ರಂದು ಹಾಗೂ ನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಶಾಲಾ ಪ್ರವೇಶ ಮೊದಲ್ಗೊಂಡು ಅನೇಕ ಕೆಲಸಗಳಿಗೆ ಹುಟ್ಟಿದ ದಿನಾಂಕದ ಮುಖ್ಯ ದಾಖಲೆಯಾಗಿದೆ. ಮನೆಯಲ್ಲಿ ಅಂಥ ಕೂಸು ಇದ್ದು, ಜನನ ನೋಂದಣಿ ಆಗಿರದಿದ್ದರೆ ಶಾಲೆಯ ವಯಸ್ಸು ಬರುವವರೆಗೆ ಕಾಯದೆ ಈಗಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಆಧಾರ್ ಇಲ್ಲದಿದ್ದರೆ: ಆಧಾರ್ ಇಲ್ಲವೆಂದು ಶಾಲಾ ಪ್ರವೇಶವನ್ನಾಗಲಿ ಮಗುವಿಗೆ ಸಲ್ಲಬೇಕಾದ ಸೌಲಭ್ಯವನ್ನಾಗಲಿ ನಿರಾಕರಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ತಿಳಿಸಿದೆ.

ಜಾತಿ, ಆದಾಯ ಪ್ರಮಾಣಪತ್ರ ಇಲ್ಲದಿದ್ದರೆ: ಪ್ರವೇಶಕ್ಕೆ ಇದರಿಂದ ಅಡ್ಡಿಯಿಲ್ಲ. ವಿದ್ಯಾರ್ಥಿವೇತನಕ್ಕೆ ಅವಶ್ಯವಿರುವುದರಿಂದ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ನಂತರ ಶಾಲೆಗೆ ತಿಳಿಸಬಹುದು.

ವರ್ಗಾವಣೆ ಪ್ರಮಾಣಪತ್ರ ಇಲ್ಲದಿದ್ದರೆ: ಅದು ಬರುವುದು ತಡವಾಯಿತೆಂದು ಹೊಸ ಶಾಲೆಯು ಪ್ರವೇಶವನ್ನು ತಡೆಯುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ (ಕಲಂ 5). ಹಿಂದಿನ ಶಾಲೆಯು ರಾಜ್ಯದ ಒಳಗಿರಲಿ ಹೊರಗಿರಲಿ, ಈ ನಿಯಮ ಅನ್ವಯಿಸುತ್ತದೆ. ಕರ್ನಾಟಕದ ಶಾಲೆಯಲ್ಲಿ ಓದಿದ ಮಗುವಿಗೆ ಎಸ್.ಎ.ಟಿ.ಎಸ್. ಎಂಬ ಗಣಕೀಕೃತ ವ್ಯವಸ್ಥೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಗೊತ್ತಿಲ್ಲದಿದ್ದರೂ ಹಿಂದಿನ ಶಾಲೆಯ ಮತ್ತು ಊರಿನ ಹೆಸರನ್ನು ಸರಿಯಾಗಿ ಹೇಳಿದರೆ ಮಗುವಿನ ದಾಖಲೆಯನ್ನು ಪತ್ತೆ ಮಾಡಲು ಅನುಕೂಲವಾಗುತ್ತದೆ.

2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ ತೀರಕ್ಕೆ ಬಂದಂಥ ಪ್ರವಾಹಗಳಲ್ಲಿ ಮನೆಯ ಪಾತ್ರೆ ಪಡಗಗಳ ಜೊತೆಗೆ ಕಾಗದಪತ್ರಗಳೂ ಹಾಳಾಗುತ್ತವೆ. ಇಂಥ ಸಂದರ್ಭದಲ್ಲಿ ಹಿಂದಿನ ಶಾಲೆಯ ಪ್ರವೇಶ ದಾಖಲಾತಿ ಪುಸ್ತಕವೇ ಆಧಾರವಾಗಿರುತ್ತದೆ. ಅದರ ಉದ್ಧೃತ ಪ್ರತಿಯನ್ನು ಕೋರಿ ಅರ್ಜಿ ಸಲ್ಲಿಸಬಹುದು. ಅಷ್ಟು ದಿನ ಮಗುವನ್ನು ಮನೆಯಲ್ಲಿ ಕೂರಿಸಬೇಕಾಗಿಲ್ಲ.

4. ಹೆಸರು, ಅಡ್ಡಹೆಸರು ಮತ್ತು ಹುಟ್ಟಿದ ದಿನಾಂಕ: ವಿಶೇಷ ಗಮನಕ್ಕೆ

ಪ್ರವೇಶದ ದಿನ ಪಾಲಕರು ಅತ್ಯಂತ ಎಚ್ಚರಿಕೆಯಿಂದ ಮಾಡಬೇಕಾದ ಕೆಲಸ ಇದೊಂದೇ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಂದು ಬರೆಯುವ ಸಾಲು ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೂ, ಅಲ್ಲಿಂದ ಮುಂದೆ ನೌಕರಿಗೂ ಮಗುವಿನ ಜೊತೆ ಹೋಗುತ್ತದೆ.

ಈ ಭಾಗದಲ್ಲಿ ಅಡ್ಡಹೆಸರು ಬರೆಯುವ ಪದ್ಧತಿ ಇದೆ. ಒಂದೇ ಮನೆಯಲ್ಲಿ ಅಣ್ಣನ ಅಡ್ಡಹೆಸರು ಒಂದು ರೀತಿ, ತಂಗಿಯದು ಇನ್ನೊಂದು ರೀತಿ ಬರೆದಿರುವುದು, ತಂದೆಯ ಹೆಸರು ಪಡಿತರ ಚೀಟಿಯಲ್ಲಿ ಒಂದಿದ್ದು ಮನೆಯಲ್ಲಿ ಕರೆಯುವ ಹೆಸರು ಶಾಲೆಯಲ್ಲಿ ದಾಖಲಾಗಿರುವುದು ಕಂಡುಬರುತ್ತದೆ. ಅಂದಿಗೆ ಇದು ಚಿಕ್ಕ ವ್ಯತ್ಯಾಸವೆನಿಸಿದರೂ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಖಾತೆ ಮತ್ತು ವಿದ್ಯಾರ್ಥಿವೇತನದ ಸಮಯದಲ್ಲಿ ಹೆಸರುಗಳು ತಾಳೆಯಾಗದೆ ಅರ್ಜಿ ನಿಲ್ಲುತ್ತದೆ. ಆದ್ದರಿಂದ:

* ಮಗುವಿನ ಹೆಸರು, ತಂದೆ ಮತ್ತು ತಾಯಿಯ ಹೆಸರು, ಅಡ್ಡಹೆಸರು ಇವುಗಳನ್ನು ಜನನ ಪ್ರಮಾಣಪತ್ರ ಅಥವಾ ಆಧಾರ್‌ನಲ್ಲಿ ಇರುವಂತೆಯೇ ಬರೆಸಿರಿ.
* ಹುಟ್ಟಿದ ದಿನಾಂಕವನ್ನು ಅಂದಾಜಿನಿಂದ ಹೇಳಬೇಡಿರಿ. ದಾಖಲೆ ಇಲ್ಲದಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನು ಮೊದಲು ವಿಚಾರಿಸಿರಿ.
* ಜಾತಿಯ ಅಂಕಣದಲ್ಲಿ ಉಪಜಾತಿಯ ಸಹಿತ ಸರಿಯಾಗಿ ನಮೂದಾಗಿದೆಯೇ ನೋಡಿರಿ.
* ಬರೆದದ್ದನ್ನು ಒಮ್ಮೆ ಓದಿ ಹೇಳಲು ಗುರುಗಳನ್ನು ಕೇಳಿರಿ. ಹಾಗೆ ಕೇಳುವುದರಲ್ಲಿ ಸಂಕೋಚ ಬೇಡ.

ಪ್ರವೇಶದ ಹೊತ್ತಿನಲ್ಲಿ ಐದು ನಿಮಿಷ ತಾಳಿದರೆ, ಮುಂದೆ ತಿದ್ದುಪಡಿಗಾಗಿ ಕಚೇರಿಗಳಿಗೆ ಅಲೆಯುವುದು ತಪ್ಪುತ್ತದೆ.

5. ವರ್ಷದ ನಡುವೆ ಬಂದ ಕುಟುಂಬಗಳಿಗೆ

ಶಾಲೆಗಳು ಮೇ ಕೊನೆಯಲ್ಲಿ ಅಥವಾ ಜೂನ್ ಮೊದಲಿಗೆ ಪುನರಾರಂಭವಾಗುತ್ತವೆ. ಕಬ್ಬು ಕಟಾವಿನ ಹಂಗಾಮು ತೊಡಗುವುದು ದಸರೆಯ ಆಸುಪಾಸಿನಲ್ಲಿ. ಹಾಗಾಗಿ ಗ್ಯಾಂಗಿನ ಜೊತೆ ಬಂದ ಕುಟುಂಬಗಳು, ಇಟ್ಟಂಗಿ ಭಟ್ಟಿಯ ಕೆಲಸಕ್ಕೆ ಬಂದವರು "ಈಗ ಶಾಲೆ ಅರ್ಧ ಮುಗಿದಿದೆ, ಮುಂದಿನ ವರ್ಷ ನೋಡೋಣ" ಎಂದುಕೊಳ್ಳುತ್ತಾರೆ. ಮುಂದಿನ ವರ್ಷ ಅವರು ಇರುವುದು ಬೇರೆ ಊರಿನಲ್ಲಿ.

ಅಧಿನಿಯಮದ 15ನೆಯ ಕಲಮಿನ ಪ್ರಕಾರ ಪ್ರವೇಶದ ಅವಧಿ ಮುಗಿದ ನಂತರ ಬಂದ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಎರಡೇ ತಿಂಗಳು ಇರುವ ಕುಟುಂಬವೂ ಮಗುವನ್ನು ಕಳುಹಿಸಬಹುದು. ಇದರ ಲೆಕ್ಕ ಹೀಗಿದೆ: 6ರಿಂದ 8ನೆಯ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 220 ಹಾಗೂ 1ರಿಂದ 5ನೆಯ ತರಗತಿಗಳಿಗೆ ಕನಿಷ್ಠ 200 ಕೆಲಸದ ದಿನಗಳು ನಿಗದಿಯಾಗಿವೆ. ತಿಂಗಳಿಗೆ 22 ದಿನಗಳಂತೆ ಎರಡು ತಿಂಗಳು ತಪ್ಪಿದರೆ 44 ದಿನ, ಅಂದರೆ 220ರ ಐದನೆಯ ಒಂದು ಭಾಗ ಕೈಬಿಟ್ಟು ಹೋಗುತ್ತದೆ. ಕಟಾವಿನ ನಾಲ್ಕೈದು ತಿಂಗಳೂ ತಪ್ಪಿದರೆ ಉಳಿಯುವುದು ಅರ್ಧ ವರ್ಷ ಮಾತ್ರ. ಎರಡು ಮೂರು ಹಂಗಾಮು ಹೀಗೆ ಕಳೆದ ಮಗುವಿಗೆ ತನ್ನ ವಯಸ್ಸಿನ ತರಗತಿಯ ಪಾಠ ಅರ್ಥವಾಗದೆ, ಅದು ತಾನಾಗಿಯೇ ಶಾಲೆಯನ್ನು ಬಿಡುತ್ತದೆ. ಬಿಡುವ ಮಕ್ಕಳಲ್ಲಿ ಬುದ್ಧಿಯ ಕೊರತೆ ಇರುವುದಿಲ್ಲ, ದಿನಗಳ ಕೊರತೆ ಇರುತ್ತದೆ.

ಗುಳೆ ಹೋಗುವ ಕುಟುಂಬಗಳು ಗಮನಿಸಬೇಕಾದ ಅಂಶಗಳು: (1) ಊರು ಬಿಡುವ ಮುನ್ನ ಗುರುಗಳಿಗೆ ತಿಳಿಸಿರಿ, (2) ಮಗುವಿನ ಎಸ್.ಎ.ಟಿ.ಎಸ್. ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಂಡು ಹೋಗಿರಿ. (3) ಹೋದ ಊರಿನಲ್ಲಿ ಮೊದಲ ವಾರದಲ್ಲಿಯೇ ಹತ್ತಿರದ ಶಾಲೆಗೆ ಭೇಟಿ ಕೊಡಿರಿ. (4) ಮನೆಯಲ್ಲಿ ಅಜ್ಜ ಅಜ್ಜಿ ಇದ್ದು ಮಗುವನ್ನು ನೋಡಿಕೊಳ್ಳಬಲ್ಲರಾದರೆ ಇದ್ದ ಶಾಲೆಯಲ್ಲಿಯೇ ಮುಂದುವರಿಸುವುದು ಉತ್ತಮ. ತೋಟದ ಮಾಲೀಕರು ಮತ್ತು ಗ್ಯಾಂಗಿನ ಮುಕಾದಮರು ತಮ್ಮಲ್ಲಿಗೆ ಬಂದ ಕುಟುಂಬಗಳ ಮಕ್ಕಳ ವಿವರವನ್ನು ಸಮೀಪದ ಶಾಲೆಗೆ ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ.

6. ಶಾಲೆಯಲ್ಲಿ ದೊರೆಯುವ ಸೌಲಭ್ಯಗಳು

ಬೋಧನಾ ಶುಲ್ಕ ಇಲ್ಲ. ಪಠ್ಯಪುಸ್ತಕ ಮತ್ತು ಸಮವಸ್ತ್ರಗಳನ್ನು ಉಚಿತವಾಗಿ ನೀಡಲಾಗುತ್ತದೆ. ಶೂ ಮತ್ತು ಕಾಲುಚೀಲ ನೀಡುವ ಯೋಜನೆಯೂ ಇದೆ. ದಾನಿಗಳು ಶಾಲೆಗೆ ನೀಡುವ ನೆರವು ಸ್ವಇಚ್ಛೆಯದಾಗಿದ್ದು, ಪ್ರವೇಶಕ್ಕೂ ಅದಕ್ಕೂ ಸಂಬಂಧವಿಲ್ಲ. ಯಾವುದೇ ಹಣ ಕೊಟ್ಟರೂ ರಸೀದಿ ಪಡೆಯಿರಿ.

ಮಧ್ಯಾಹ್ನದ ಬಿಸಿಯೂಟವನ್ನು ಅಕ್ಷರ ದಾಸೋಹ ಕಾರ್ಯಕ್ರಮದಡಿ ನೀಡಲಾಗುತ್ತಿದೆ. 2002ರಲ್ಲಿ ರಾಜ್ಯದ ಉತ್ತರ ಭಾಗದ ಕೆಲವು ಜಿಲ್ಲೆಗಳಲ್ಲಿ ಆರಂಭವಾದ ಈ ಕಾರ್ಯಕ್ರಮ ನಂತರ ಎಲ್ಲ ಜಿಲ್ಲೆಗಳಿಗೆ ವಿಸ್ತರಿಸಿತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆಯಡಿ ಹಾಲು ನೀಡುವುದು ಪ್ರಾರಂಭವಾಯಿತು. ಮೊಟ್ಟೆ ವಿತರಣೆಯನ್ನು 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ವಾರಕ್ಕೆ 6 ದಿನಗಳಿಗೆ ಹೆಚ್ಚಿಸಲಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡಲಾಗುತ್ತದೆ. ಮನೆಯ ಪದ್ಧತಿ ಏನೆಂಬುದನ್ನು ಪಾಲಕರು ಮೊದಲೇ ತಿಳಿಸಬಹುದು.

ಇಂಗ್ಲಿಷ್ ಕಲಿಸುವುದಿಲ್ಲವೆಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. 2007-08ನೆಯ ಸಾಲಿನಿಂದಲೇ ಸರ್ಕಾರಿ ಶಾಲೆಗಳಲ್ಲಿ 1ನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಬೋಧಿಸಲಾಗುತ್ತಿದೆ. 2019-20ರಿಂದ ಆಯ್ದ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೂ ತೆರೆಯಲಾಗಿದೆ.

ಅಂಗವೈಕಲ್ಯವುಳ್ಳ ಮಕ್ಕಳಿಗೂ ಇದೇ ಶಾಲೆಯಲ್ಲಿ ಸ್ಥಾನವಿದೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ನಿಗದಿತ ಪ್ರಮಾಣದ ಅಂಗವೈಕಲ್ಯ ಹೊಂದಿದ ಮಗುವಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಇದೆ. ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆ ಇರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆ ಇದ್ದು, ಮುಖ್ಯ ಶಿಕ್ಷಕರ ಮೂಲಕ ಕೋರಬಹುದು.

7. ಮೊದಲ ದಿನ ಮತ್ತು ಪಾಲಕರ ಪಾತ್ರ

ಶಾಲಾ ಪ್ರಾರಂಭೋತ್ಸವದ ದಿನ ತಳಿರು ತೋರಣ ಕಟ್ಟಿ, ಸಿಹಿ ಹಂಚಿ ಮಕ್ಕಳನ್ನು ಬರಮಾಡಿಕೊಳ್ಳುವುದು ವಾಡಿಕೆಯಾಗಿದೆ. ಕೆಲವೆಡೆ ಚಕ್ಕಡಿಯಲ್ಲಿ ಕೂರಿಸಿಕೊಂಡು ಮೆರವಣಿಗೆಯಲ್ಲಿ ಕರೆತರುವುದೂ ಉಂಟು. ಆದರೆ ಜನವರಿಯ ಒಂದು ಸಾಧಾರಣ ಮಂಗಳವಾರ ತಾಯಿಯ ಸೆರಗು ಹಿಡಿದುಕೊಂಡು ಬರುವ ಮಗುವಿಗೆ ತೋರಣವಿರುವುದಿಲ್ಲ. ಆ ಮಗುವನ್ನು ಬರಮಾಡಿಕೊಳ್ಳುವುದು ಶಾಲೆಯ ಜೊತೆಗೆ ಊರಿನವರ ಹೊಣೆಯೂ ಹೌದು. ಹೊಸ ಮಗುವನ್ನು ಜೊತೆಯಲ್ಲಿ ಕೂರಿಸಿಕೊಳ್ಳಲು, ಆಟಕ್ಕೆ ಸೇರಿಸಿಕೊಳ್ಳಲು ಪಾಲಕರು ತಮ್ಮ ಮಕ್ಕಳಿಗೆ ಮನೆಯಲ್ಲಿ ಹೇಳಿಕೊಟ್ಟರೆ ಸಾಕು.

ಮಗುವಿನ ಬಗ್ಗೆ ಗುರುಗಳಿಗೆ ಗೊತ್ತಿರಬೇಕಾದ ಸಂಗತಿಗಳನ್ನು ಮೊದಲ ದಿನವೇ ತಿಳಿಸಿರಿ: ಕಾಯಿಲೆ, ನುಂಗುತ್ತಿರುವ ಮಾತ್ರೆ, ಕಣ್ಣು ಅಥವಾ ಕಿವಿಯ ತೊಂದರೆ, ಮನೆಮಾತು, ಯಾರ ಜೊತೆ ಮಗುವನ್ನು ಮನೆಗೆ ಕಳುಹಿಸಬೇಕು ಎಂಬುದು. ತೋಟದ ವಸ್ತಿಯಿಂದ ಬರುವ ಮಕ್ಕಳ ದಾರಿಯಲ್ಲಿ ಕಾಲುವೆ, ತೆರೆದ ಬಾವಿ ಅಥವಾ ಕಬ್ಬಿನ ಟ್ರ್ಯಾಕ್ಟರುಗಳ ಓಡಾಟ ಇದ್ದಲ್ಲಿ ನಾಲ್ಕಾರು ಮಕ್ಕಳು ಕೂಡಿ ಬರುವಂತೆ ಏರ್ಪಾಡು ಮಾಡಿಕೊಳ್ಳಿರಿ.

ಮಗುವಿಗೆ ದೈಹಿಕ ಶಿಕ್ಷೆ ನೀಡುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ಅಧಿನಿಯಮದ 17ನೆಯ ಕಲಂ ನಿಷೇಧಿಸಿದೆ. "ಹೊಡೆದು ಕಲಿಸಿರಿ" ಎಂದು ಪಾಲಕರು ಗುರುಗಳಿಗೆ ಹೇಳುವುದೂ ಸರಿಯಲ್ಲ.

ಪ್ರತಿ ಶಾಲೆಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದ್ದು, ಜನರು ಅದನ್ನು ಎಸ್.ಡಿ.ಎಂ.ಸಿ. ಎಂದು ಕರೆಯುತ್ತಾರೆ. ಕರ್ನಾಟಕದಲ್ಲಿ ಈ ಸಮಿತಿಗಳು 2001ರಿಂದ ಇವೆ. ಅಧಿನಿಯಮದ 21ನೆಯ ಕಲಮಿನ ಪ್ರಕಾರ ಸಮಿತಿಯ ಕನಿಷ್ಠ ಮುಕ್ಕಾಲು ಭಾಗ ಸದಸ್ಯರು ಪಾಲಕರೇ ಆಗಿರಬೇಕು ಹಾಗೂ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಗೆ ಬಂದ ಅನುದಾನದ ಬಳಕೆಯನ್ನು ನೋಡುವುದು, ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು ಇದರ ಕೆಲಸ. ನಿನ್ನೆ ಊರಿಗೆ ಬಂದ ಪಾಲಕರೂ ಪಾಲಕರ ಸಭೆಗೆ ಬಂದು ಕುಳಿತುಕೊಂಡು, ಶೌಚಾಲಯಕ್ಕೆ ನೀರಿದೆಯೇ, ಅಡುಗೆಗೆ ಬಂದ ಧಾನ್ಯ ಹಸನಾಗಿದೆಯೇ ಎಂದು ಕೇಳಬಹುದು. ಕೂಲಿಗೆ ಹೋಗುವ ತಾಯಂದಿರಿಗೆ ಅನುಕೂಲವಾಗುವ ಸಮಯದಲ್ಲಿ ಸಭೆ ಇಡಲು ಸಮಿತಿಯನ್ನು ಕೋರಬಹುದು.

8. ಏಳರಿಂದ ಎಂಟನೆಯ ತರಗತಿಗೆ

ಉಚಿತ ಶಿಕ್ಷಣದ ಹಕ್ಕು 8ನೆಯ ತರಗತಿಯವರೆಗೆ ಇದ್ದರೂ ಅನೇಕ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ 7ನೆಯ ತರಗತಿ ಕೊನೆಯದಾಗಿದ್ದು, 8ನೆಯ ತರಗತಿಗೆ ಪ್ರೌಢಶಾಲೆಗೆ ಹೋಗಬೇಕಾಗುತ್ತದೆ. ಶಾಲೆ ಬದಲಾಗುವ ಈ ಹಂತದಲ್ಲಿಯೇ ಮಕ್ಕಳು, ಅದರಲ್ಲೂ ಹೆಣ್ಣು ಮಕ್ಕಳು, ಮನೆಯಲ್ಲಿ ಉಳಿದುಬಿಡುವ ಸಂಭವ ಹೆಚ್ಚು. 7ನೆಯ ತರಗತಿ ಮುಗಿಯುವ ಮುನ್ನವೇ ಮುಂದಿನ ಶಾಲೆ ಯಾವುದೆಂದು ಗುರುಗಳ ಜೊತೆ ಮಾತನಾಡಿರಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಹೆಣ್ಣು ಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಗಂಡು ಮಕ್ಕಳಿಗೆ ವಿದ್ಯಾರ್ಥಿ ಬಸ್ ಪಾಸು ದೊರೆಯುತ್ತದೆ. ದೂರದ ಮಕ್ಕಳು ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿ ನಿಲಯಗಳಿಗೆ ಅರ್ಜಿ ಸಲ್ಲಿಸಬಹುದು.

9. ತೊಂದರೆಯಾದಲ್ಲಿ ಯಾರನ್ನು ಸಂಪರ್ಕಿಸಬೇಕು?

ಮೊದಲು ಮುಖ್ಯ ಶಿಕ್ಷಕರನ್ನು ಕಾಣಬೇಕು. ಅಲ್ಲಿ ಬಗೆಹರಿಯದಿದ್ದಲ್ಲಿ ಸಮೂಹ ಸಂಪನ್ಮೂಲ ವ್ಯಕ್ತಿಗಳನ್ನು, ನಂತರ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು (ತುಬಚಿ ಭಾಗಕ್ಕೆ ಜಮಖಂಡಿ), ಆ ನಂತರ ಬಾಗಲಕೋಟೆಯಲ್ಲಿರುವ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರನ್ನು ಸಂಪರ್ಕಿಸಬಹುದು. ದೂರನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಗುವಿನ ಹಕ್ಕಿನ ಕುರಿತಾದ ಲಿಖಿತ ದೂರನ್ನು ಸ್ಥಳೀಯ ಪ್ರಾಧಿಕಾರವು 3 ತಿಂಗಳೊಳಗೆ ತೀರ್ಮಾನಿಸತಕ್ಕದ್ದೆಂದು 32ನೆಯ ಕಲಂ ತಿಳಿಸುತ್ತದೆ. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಮಗು ದುಡಿಮೆಯಲ್ಲಿರುವುದು, ಹಿಂಸೆಗೆ ಒಳಗಾಗಿರುವುದು ಅಥವಾ ಬಾಲ್ಯವಿವಾಹದ ಸಿದ್ಧತೆ ಕಂಡುಬಂದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಕೊನೆಯದಾಗಿ

ದೂರು, ಮೇಲ್ಮನವಿಗಳ ಈ ದಾರಿಯನ್ನು ತಿಳಿಸಿರುವುದು ಅಗತ್ಯ ಬಿದ್ದವರಿಗಾಗಿ ಮಾತ್ರ. ಮುಖ್ಯ ಶಿಕ್ಷಕರೊಡನೆ ನೇರವಾಗಿ ಮಾತನಾಡಿದರೆ ಬಹುತೇಕ ಸಂದರ್ಭಗಳಲ್ಲಿ ಅದು ಬೇಕಾಗುವುದಿಲ್ಲ. ಕಾಗದ ಇದ್ದರೆ ತನ್ನಿರಿ, ಇಲ್ಲದಿದ್ದರೆ ಹಾಗೆಯೇ ಬನ್ನಿರಿ. ದಾಖಲೆಗಳನ್ನು ಹೊಂದಿಸಿಕೊಳ್ಳಲು ಮುಂದೆ ಸಮಯವಿದೆ, ಆದರೆ ಮಗು ತರಗತಿಯಿಂದ ಹೊರಗೆ ಕಳೆದ ದಿನಗಳನ್ನು ಯಾವ ಕಚೇರಿಯೂ ಮರಳಿ ಕೊಡಲಾರದು. ನಿಮ್ಮ ಓಣಿಯಲ್ಲಿ, ನಿಮ್ಮ ತೋಟದ ಪಕ್ಕದ ಗುಡಿಸಲಿನಲ್ಲಿ ಶಾಲೆಗೆ ಹೋಗದ ಮಗುವಿದ್ದರೆ ಈ ಮಾಹಿತಿಯನ್ನು ಅವರ ಮನೆಯವರಿಗೂ ಓದಿ ಹೇಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.